ಆರ್‌ಸಿಬಿಯ ಹದಿನೆಂಟು ಶುರುವಾತುಗಳು

2025ರ ಏಪ್ರಿಲ್ 18ರ ರಾತ್ರಿ ಆರ್‌ಸಿಬಿಯ ಲೆಕ್ಕ ಹೀಗಿತ್ತು: ಆಡಿದ್ದು ಏಳು ಮ್ಯಾಚ್, ಗೆದ್ದಿದ್ದು ನಾಲ್ಕು, ಸೋತಿದ್ದು ಮೂರು. ಗೆದ್ದ ನಾಲ್ಕೂ ಹೊರಗಿನ ಊರುಗಳಲ್ಲಿ: ಕೋಲ್ಕತ್ತ, ಚೆನ್ನೈ, ಮುಂಬೈ, ಜೈಪುರ. ಸೋತ ಮೂರೂ ನಮ್ಮದೇ ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ. ಬೆಂಗಳೂರಿಗೆ ಹೋಗಿ ಸಾವಿರಾರು ರೂಪಾಯಿ ಕೊಟ್ಟು ಟಿಕೆಟ್ ತಗೊಂಡವರಿಗೆ ಸೋಲು ನೋಡುವ ಭಾಗ್ಯ, ಹಳ್ಳಿಯಲ್ಲಿ ಕೂತು ಮೊಬೈಲ್ ನೋಡಿದವರಿಗೆ ಗೆಲುವು ನೋಡುವ ಭಾಗ್ಯ. ಹದಿನೇಳು ವರ್ಷ ಈ ತಂಡದ ಹಿಂದೆ ಬಿದ್ದ ನಮ್ಮಂಥವರಿಗೆ ಹೀಗೂ ಒಂದು ಸೀಸನ್ ಶುರುವಾಗಬಹುದು ಅಂತ ಗೊತ್ತಿರಲಿಲ್ಲ.

ಕಪ್ ಬಂದದ್ದು ಜೂನ್ 3ಕ್ಕೆ. ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ವಿಡಿಯೊ ಮಾಡಿದ್ದಾರೆ, ಆಟೊ ಹಿಂದೆ ಬರೆಸಿದ್ದಾರೆ. ನಾವು ಬರೆಯಲು ಹೊರಟಿರುವುದು ಕಪ್ಪಿನ ಬಗ್ಗೆ ಅಲ್ಲ, ಶುರುವಾತಿನ ಬಗ್ಗೆ. ಏಕೆಂದರೆ ಈ ತಂಡದ ಅಭಿಮಾನಿಗಳಿಗೆ ಹದಿನೇಳು ವರ್ಷ ಕೈಗೆ ಸಿಕ್ಕಿದ್ದು ಶುರುವಾತು ಮಾತ್ರ. ಯುಗಾದಿ ಹೋಳಿಗೆ ತಿಂದ ವಾರದಲ್ಲಿ ಎರಡು ಮ್ಯಾಚ್ ಗೆದ್ದರೆ ಸಾಕು, ಜವನಗೊಂಡನಹಳ್ಳಿ ಬಸ್‌ ಸ್ಟ್ಯಾಂಡಿನ ಟೀ ಅಂಗಡಿಯಿಂದ ಹಿಡಿದು ಹೆದ್ದಾರಿ ಬದಿಯ ಡಾಬಾದವರೆಗೂ ಒಂದೇ ಮಾತು. ಕಾರಹುಣ್ಣಿಮೆ ಹೊತ್ತಿಗೆ ಆ ಮಾತು ಸದ್ದಿಲ್ಲದೆ ನಿಂತಿರುತ್ತಿತ್ತು. ಮತ್ತೆ ಮುಂದಿನ ಯುಗಾದಿಗೆ ಶುರು.

ಮೊದಲನೆಯ ಶುರುವಾತಿನಿಂದಲೇ ಹೇಳೋಣ. 2008ರ ಏಪ್ರಿಲ್ 18. ಐಪಿಎಲ್‌ ಇತಿಹಾಸದ ಮೊಟ್ಟಮೊದಲ ಮ್ಯಾಚ್ ನಡೆದದ್ದು ಬೆಂಗಳೂರಿನಲ್ಲಿ, ಆಡಿದ್ದು ನಮ್ಮ ತಂಡ. ಎದುರಿಗೆ ಕೋಲ್ಕತ್ತ. ಬ್ರೆಂಡನ್ ಮೆಕಲಮ್ ಎಂಬ ನ್ಯೂಜಿಲೆಂಡಿನವನು 73 ಬಾಲಿಗೆ 158 ರನ್ ಹೊಡೆದ, ಔಟೂ ಆಗಲಿಲ್ಲ. ಕೋಲ್ಕತ್ತ 222. ನಮ್ಮವರು 82ಕ್ಕೆ ಆಲೌಟ್. ಎರಡಂಕಿ ದಾಟಿದ ಬ್ಯಾಟುಗಾರ ಒಬ್ಬನೇ, ಅವನೂ ಬೌಲರ್: ಪ್ರವೀಣ್ ಕುಮಾರ್, 18 ರನ್. ಅವನಿಗಿಂತ ಜಾಸ್ತಿ ಬಂದಿದ್ದು ಎಕ್ಸ್‌ಟ್ರಾ, 19. ಎದುರಾಳಿಗಳು ಪುಕ್ಕಟೆ ಕೊಟ್ಟ ರನ್ನೇ ನಮ್ಮ ತಂಡದ ಟಾಪ್ ಸ್ಕೋರರ್. ಸೋಲು 140 ರನ್‌ಗಳಿಂದ.

ಆ ವರ್ಷ ನಾಯಕ ರಾಹುಲ್ ದ್ರಾವಿಡ್. ತಂಡದಲ್ಲಿ ಕುಂಬ್ಳೆ, ಕಾಲಿಸ್, ಚಂದ್ರಪಾಲ್, ವಾಸಿಂ ಜಾಫರ್. ಟೆಸ್ಟ್ ತಂಡ ಕಟ್ಟಿ ಇಪ್ಪತ್ತು ಓವರ್ ಆಟಕ್ಕೆ ಕಳಿಸಿದ್ದಾರೆ ಅಂತ ದೇಶವೆಲ್ಲ ನಕ್ಕಿತು. ಹದಿನಾಲ್ಕರಲ್ಲಿ ನಾಲ್ಕು ಗೆದ್ದು, ಎಂಟು ತಂಡಗಳಲ್ಲಿ ಏಳನೆಯದಾಗಿ ಮುಗಿಸಿದರು. ಆದರೂ ಆ ತಂಡದ ಮೇಲೆ ನಮಗೆ ಸಿಟ್ಟು ಬರಲಿಲ್ಲ ಎಂಬುದು ಈಗ ಯೋಚಿಸಿದರೆ ಆಶ್ಚರ್ಯ. ದ್ರಾವಿಡ್, ಕುಂಬ್ಳೆ ಇದ್ದರಲ್ಲ. ಪಕ್ಕದ ದಾವಣಗೆರೆಯ ವಿನಯ್ ಕುಮಾರ್ ಇದ್ದ, ಗದಗಿನ ಸುನಿಲ್ ಜೋಶಿ ಇದ್ದರು. ತಂಡದ ಹೆಸರು ವಿಸ್ಕಿಯದು, ಯಜಮಾನ ಮದ್ಯದ ದೊರೆ ವಿಜಯ್ ಮಲ್ಯ, ಆದರೂ ಅದು ನಮ್ಮ ತಂಡ ಅನ್ನಿಸಲು ಆ ನಾಲ್ಕು ಹೆಸರು ಸಾಕಾದವು. ಮುಂದೆ ತಂಡದಲ್ಲಿ ಕನ್ನಡಿಗರು ಕಮ್ಮಿಯಾದರು ಅಂತ ಕೊರಗುವಾಗಲೆಲ್ಲ ಜನ ನೆನೆಸುವುದು ಈ ಸೋತ ತಂಡವನ್ನೇ.

ಮರುವರ್ಷ ಲೋಕಸಭೆ ಚುನಾವಣೆ ಇದ್ದ ಕಾರಣ ಐಪಿಎಲ್ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ಮೊದಲ ಮ್ಯಾಚೇ ಹಿಂದಿನ ವರ್ಷದ ಚಾಂಪಿಯನ್ ರಾಜಸ್ಥಾನದ ಮೇಲೆ. ನಮ್ಮವರು ಹೊಡೆದದ್ದು ಬರೀ 133. ಅದಾದ ಮೇಲೆ ಅನಿಲ್ ಕುಂಬ್ಳೆ ಐದು ರನ್ ಕೊಟ್ಟು ಐದು ವಿಕೆಟ್ ಕಿತ್ತರು. ರಾಜಸ್ಥಾನ 58ಕ್ಕೆ ಗಂಟುಮೂಟೆ ಕಟ್ಟಿತು. ಇದಕ್ಕಿಂತ ಒಳ್ಳೆಯ ಶುರುವಾತು ಬೇಕೇ? ಅದಾದ ಮೇಲೆ ಸತತ ನಾಲ್ಕು ಸೋಲು. ನಾಯಕ ಕೆವಿನ್ ಪೀಟರ್ಸನ್ ಇಂಗ್ಲೆಂಡ್ ತಂಡದ ಕೆಲಸಕ್ಕೆ ಹೊರಟ, ಕುಂಬ್ಳೆ ನಾಯಕರಾದರು, ತಂಡ ಎದ್ದು ನಿಂತು ಫೈನಲ್‌ವರೆಗೂ ಹೋಯಿತು. ಜೊಹಾನ್ಸ್‌ಬರ್ಗ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು ಆರು ರನ್‌ಗಳಿಂದ ಸೋತಿತು. ಈ ಆರು ರನ್ನಿನ ಲೆಕ್ಕ ನೆನಪಿಟ್ಟುಕೊಳ್ಳಿ.

ಆಗ ನಮ್ಮ ಕಡೆ ಮ್ಯಾಚ್ ನೋಡುವುದೆಂದರೆ ಡಿಶ್ ಇದ್ದವರ ಮನೆ ಮುಂದೆ ಕೂರುವುದು. ಕಾಮೆಂಟರಿ ಇಂಗ್ಲಿಷು, ಹಿಂದಿ. ಕರೆಂಟ್ ಹೋದರೆ ರೇಡಿಯೊ ಕೂಡ ಇಲ್ಲ, ಬೆಂಗಳೂರಲ್ಲಿ ಇರುವ ಯಾರಿಗೋ ಫೋನ್ ಮಾಡಿ ಸ್ಕೋರ್ ಕೇಳಬೇಕು. ರಾತ್ರಿ ತ್ರೀ ಫೇಸ್ ಕರೆಂಟ್ ಬಂದರೆ ಅರ್ಧ ಜನ ಎದ್ದು ತೋಟದ ಮೋಟಾರ್ ಹಾಕಲು ಹೋಗುತ್ತಿದ್ದರು. ಅಡಿಕೆ, ತೆಂಗಿಗೆ ನೀರು ಬಿಟ್ಟು ಬರುವಷ್ಟರಲ್ಲಿ ಮ್ಯಾಚ್ ಮುಗಿದಿರುತ್ತಿತ್ತು. ಬದುವಿನ ಮೇಲೆ ಬರುವವನನ್ನು ಕಂಡು ಯಾರೂ ಮಾತಾಡದಿದ್ದರೆ ಸೋತಿದ್ದಾರೆ ಅಂತ ಅರ್ಥ.

2011ರ ಶುರುವಾತು ಬೇರೆ ಥರದ್ದು. ಮೊದಲ ಮ್ಯಾಚ್ ಗೆದ್ದು ಮುಂದಿನ ಮೂರು ಸೋತರು. ಅಷ್ಟರಲ್ಲಿ ಹರಾಜಿನಲ್ಲಿ ಯಾರೂ ಕೊಳ್ಳದೆ ಬಿಟ್ಟಿದ್ದ ಕ್ರಿಸ್ ಗೇಲ್‌ನನ್ನು ಗಾಯಗೊಂಡ ಬೌಲರ್ ಒಬ್ಬನ ಜಾಗಕ್ಕೆ ಕರೆಸಿಕೊಂಡರು. ಏಪ್ರಿಲ್ 22ರಂದು ಕೋಲ್ಕತ್ತದಲ್ಲಿ ಇಳಿದವನೇ 55 ಬಾಲಿಗೆ 102. ಅಲ್ಲಿಂದ ಸತತ ಏಳು ಗೆಲುವು. ನಮ್ಮ ಕಡೆಯ ಹುಡುಗರು ಆರ್‌ಸಿಬಿ ಟೀಶರ್ಟ್ ಹಾಕಲು ಶುರು ಮಾಡಿದ್ದು ಈ ಹೊತ್ತಿಗೆ ಎಂಬುದು ನಮ್ಮ ಅಂದಾಜು. ಹಿರಿಯೂರಿನ ಸಂತೆಯಲ್ಲಿ ಕೆಂಪು ಟೀಶರ್ಟ್ ರಾಶಿ ಹಾಕಿ ಮಾರುತ್ತಿದ್ದರು, ಹಿಂದೆ ಹೆಸರು ಗೇಲ್. ಟೇಬಲ್ ಟಾಪ್ ಆಗಿ ಫೈನಲ್‌ಗೆ ಹೋದ ತಂಡ ಚೆನ್ನೈಗೆ ಹೋಗಿ 58 ರನ್‌ಗಳಿಂದ ಸೋತು ಬಂತು.

ಗೇಲ್, ಕೊಹ್ಲಿ, ಡಿವಿಲಿಯರ್ಸ್ ಮೂವರೂ ಒಂದೇ ತಂಡದಲ್ಲಿ ಆಡಿದ ವರ್ಷಗಳು ಅಭಿಮಾನಿಗಳಿಗೆ ಹಬ್ಬ, ತಂಡಕ್ಕೆ ಮಾತ್ರ ಅಲ್ಲ. 2013ರ ಏಪ್ರಿಲ್ 23ರಂದು ಪುಣೆಯ ಮೇಲೆ ಗೇಲ್ 66 ಬಾಲಿಗೆ 175 ಬಾರಿಸಿದ, ತಂಡ 263 ಹೊಡೆಯಿತು. ಅಂಥ ಏಪ್ರಿಲ್ ಕಂಡ ತಂಡ ಆ ವರ್ಷ ಐದನೆಯ ಸ್ಥಾನಕ್ಕೆ ನಿಂತು ಪ್ಲೇಆಫ್‌ಗೂ ಹೋಗಲಿಲ್ಲ. ಯಾಕೆ ಹೀಗೆ? ಬೌಲಿಂಗ್ ಇಲ್ಲ ಅನ್ನುವುದು ಟೀ ಅಂಗಡಿಯ ತೀರ್ಪು, ಮತ್ತು ಅದು ಬಹುಪಾಲು ನಿಜ. ಚಿನ್ನಸ್ವಾಮಿ ಸಣ್ಣ ಮೈದಾನ, ಬೌಂಡರಿ ಹತ್ತಿರ, ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಬಾಲು ದೂರ ಹೋಗುತ್ತದೆ. ಅಲ್ಲಿ ನಮ್ಮವರು 200 ಹೊಡೆದರೆ ಎದುರಿನವರೂ 200 ಹೊಡೆಯುತ್ತಾರೆ. ಅಂಥ ಮೈದಾನ ಇಟ್ಟುಕೊಂಡು ದುಡ್ಡೆಲ್ಲ ಬ್ಯಾಟುಗಾರರ ಮೇಲೆ ಸುರಿದರೆ ಹೀಗೇ ಆಗುವುದು.

2016ರಲ್ಲಿ ಮಾತ್ರ ಶುರುವಾತು ಕೆಟ್ಟದಿತ್ತು, ಮೊದಲ ಏಳರಲ್ಲಿ ಎರಡೇ ಗೆಲುವು. ಆದರೂ ಆ ಸೀಸನ್‌ನಲ್ಲಿ ಕೊಹ್ಲಿ ನಾಲ್ಕು ಶತಕ ಬಾರಿಸಿ ಒಟ್ಟು 973 ರನ್ ಮಾಡಿದ. ಒಂದೇ ಸೀಸನ್‌ನಲ್ಲಿ ಅಷ್ಟು ಯಾರೂ ಹೊಡೆದಿರಲಿಲ್ಲ. ಫೈನಲ್ ಬೆಂಗಳೂರಲ್ಲೇ. ಹೈದರಾಬಾದ್ 208 ಹೊಡೆದರೆ, ಗೇಲ್ ಕೊಹ್ಲಿ ಹತ್ತೂವರೆ ಓವರಿಗೆ 114 ಸೇರಿಸಿಬಿಟ್ಟರು. ಅಲ್ಲಿಂದ ಎಂಟು ರನ್‌ಗಳಿಂದ ಸೋಲಲು ಸಾಧ್ಯವೇ? ಸಾಧ್ಯವಾಯಿತು. ಮರುವರ್ಷ ಏಪ್ರಿಲ್ 23ರಂದು, 263 ಹೊಡೆದ ದಿನಕ್ಕೆ ಸರಿಯಾಗಿ ನಾಲ್ಕು ವರ್ಷಕ್ಕೆ, ಕೋಲ್ಕತ್ತದಲ್ಲಿ 49ಕ್ಕೆ ಆಲೌಟ್. ಒಬ್ಬನೂ ಎರಡಂಕಿ ಮುಟ್ಟಲಿಲ್ಲ. ಆ ವರ್ಷ ಕೊನೆಯ ಸ್ಥಾನ.

ವಿಚಿತ್ರ ನೋಡಿ, ತಂಡ ನೆಲಕಚ್ಚಿದ ಈ ವರ್ಷಗಳಲ್ಲೇ ಹಳ್ಳಿಗಳಲ್ಲಿ ಅದರ ಅಭಿಮಾನಿಗಳು ಹೆಚ್ಚಿದರು. 2016ರ ಕೊನೆಗೆ ಜಿಯೊ ಸಿಮ್ ಬಂತು, ಡೇಟಾ ಅಗ್ಗವಾಯಿತು. 2018ರಿಂದ ಕನ್ನಡದಲ್ಲೇ ಕಾಮೆಂಟರಿ ಕೇಳತೊಡಗಿತು. ಅಜ್ಜಿಯರಿಗೂ ಮಿಡ್ ವಿಕೆಟ್ ಎಲ್ಲಿದೆ ಅಂತ ತಿಳಿಯಿತು. ಈ ಸಲ ಕಪ್ ನಮ್ದೇ ಎನ್ನುವ ಮಾತು ಆ ಹೊತ್ತಿಗೆ ಎಲ್ಲರ ಬಾಯಲ್ಲಿ. ಮೊದಮೊದಲು ಅದು ನಂಬಿಕೆಯ ಮಾತು, ಆಮೇಲಾಮೇಲೆ ನಮ್ಮನ್ನು ನಾವೇ ಗೇಲಿ ಮಾಡಿಕೊಳ್ಳುವ ಮಾತು, ಚೆನ್ನೈ ಅಭಿಮಾನಿಗಳ ಬಾಯಲ್ಲಿ ಚುಚ್ಚುಮಾತು. ಮೂರೂ ಅರ್ಥ ಒಂದೇ ಸಾಲಿನಲ್ಲಿ ಇರುವಂತೆ ಹೇಳುವುದು ಆರ್‌ಸಿಬಿ ಅಭಿಮಾನಿಗೆ ಮಾತ್ರ ಬರುವ ವಿದ್ಯೆ. 2019ರಲ್ಲಿ ಮೊದಲ ಮ್ಯಾಚ್‌ನಲ್ಲೇ ಚೆನ್ನೈನಲ್ಲಿ 70ಕ್ಕೆ ಆಲೌಟ್ ಆಗಿ, ಸತತ ಆರು ಸೋತಾಗಲೂ ಹುಡುಗರು ಸ್ಟೇಟಸ್ ಹಾಕುವುದು ಬಿಡಲಿಲ್ಲ.

ಈಗ 2021ಕ್ಕೆ ಬರೋಣ. ಅಂಕಿಅಂಶದ ಪ್ರಕಾರ ಅದೇ ಅತ್ಯುತ್ತಮ ಶುರುವಾತು. ಅದಕ್ಕೂ ಮೊದಲು ಆರ್‌ಸಿಬಿ ಯಾವ ಸೀಸನ್‌ನಲ್ಲೂ ಮೊದಲ ನಾಲ್ಕು ಮ್ಯಾಚ್ ಗೆದ್ದಿರಲಿಲ್ಲ. ಏಪ್ರಿಲ್ 9ರಂದು ಮುಂಬೈ ಎದುರು ಕೊನೆಯ ಬಾಲಿಗೆ ಗೆಲುವು, ಹರ್ಷಲ್ ಪಟೇಲ್‌ಗೆ ಐದು ವಿಕೆಟ್. 14ರಂದು ಹೈದರಾಬಾದ್ ಎದುರು ಆರು ರನ್‌ಗಳಿಂದ. 18ರಂದು ಕೋಲ್ಕತ್ತ ಎದುರು 38 ರನ್‌ಗಳಿಂದ. 22ರಂದು ರಾಜಸ್ಥಾನದ 177 ರನ್ನನ್ನು ಒಂದೂ ವಿಕೆಟ್ ಕಳಕೊಳ್ಳದೆ ದಾಟಿದರು; ನಮ್ಮ ದೇವದತ್ತ ಪಡಿಕ್ಕಲ್ 52 ಬಾಲಿಗೆ 101. ಕರ್ನಾಟಕದ ಹುಡುಗ, ಆರ್‌ಸಿಬಿ ಜರ್ಸಿ, ಶತಕ. ಇದಕ್ಕಾಗಿ ಎಷ್ಟು ವರ್ಷ ಕಾದಿದ್ದೆವು.

ಆದರೆ ಆ ಏಪ್ರಿಲ್ ಯಾವ ಏಪ್ರಿಲ್ ಅಂತ ನಿಮಗೆ ನೆನಪಿರಬೇಕು. ಕೊರೊನಾದ ಎರಡನೇ ಅಲೆ. ಮೈದಾನಗಳು ಖಾಲಿ, ಟಿವಿಯಲ್ಲಿ ಕೇಳುವ ಕೂಗು ರೆಕಾರ್ಡ್ ಮಾಡಿದ್ದು. ಬೆಂಗಳೂರಿನಿಂದ ಹೆದ್ದಾರಿಯಲ್ಲಿ ಬೈಕು, ಟೆಂಪೊ, ಗೂಡ್ಸ್ ಆಟೊಗಳಲ್ಲಿ ಗಂಟುಮೂಟೆ ಕಟ್ಟಿಕೊಂಡು ಜನ ಊರುಗಳಿಗೆ ವಾಪಸಾಗುತ್ತಿದ್ದರು. 27ರ ರಾತ್ರಿಯಿಂದ ರಾಜ್ಯ ಬಂದ್. ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಪಡಿಕ್ಕಲ್ ಶತಕದ್ದು, ಮುಂದಿನದು ಯಾರದೋ ಮನೆಗೆ ಆಕ್ಸಿಜನ್ ಸಿಲಿಂಡರ್ ಬೇಕು ಎನ್ನುವುದು. ಆಟ ನೋಡಿ ಖುಷಿಪಡುವುದೇ ತಪ್ಪೇನೋ ಅನ್ನಿಸುತ್ತಿತ್ತು. ಖುಷಿಪಡದಿದ್ದರೆ ಆ ರಾತ್ರಿಗಳನ್ನು ಕಳೆಯುವುದೂ ಕಷ್ಟವಿತ್ತು. 25ರಂದು ಚೆನ್ನೈನ ಜಡೇಜ ಹರ್ಷಲ್‌ನ ಒಂದೇ ಓವರಿಗೆ ತಂಡಕ್ಕೆ 37 ರನ್ ತಂದುಕೊಟ್ಟ, ಗೆಲುವಿನ ಸರಪಳಿ ಕಡಿಯಿತು. ಮೇ 4ಕ್ಕೆ ಐಪಿಎಲ್ ಅರ್ಧಕ್ಕೇ ನಿಂತಿತು. ಸೆಪ್ಟೆಂಬರ್‌ನಲ್ಲಿ ದುಬೈ, ಅಬುಧಾಬಿ, ಶಾರ್ಜಾಗಳಲ್ಲಿ ಉಳಿದದ್ದು ಮುಗಿಸಿದರು. ಅಕ್ಟೋಬರ್ 11ರಂದು ಎಲಿಮಿನೇಟರ್‌ನಲ್ಲಿ ಕೋಲ್ಕತ್ತದ ಎದುರು ಸೋಲು. ನಾಯಕನಾಗಿ ಕೊಹ್ಲಿಯ ಕೊನೆಯ ಮ್ಯಾಚ್ ಅದೇ ಎಂದು ಆ ದಿನ ನಾವೆಲ್ಲ ಅಂದುಕೊಂಡೆವು.

ಅದಕ್ಕೂ ಹಿಂದಿನ ವರ್ಷದ ಕತೆಯೂ ಹೀಗೆಯೇ. ಮೊದಲ ಹತ್ತರಲ್ಲಿ ಏಳು ಗೆದ್ದ ತಂಡ, ಆಮೇಲೆ ಸತತ ಐದು ಸೋತು ಮನೆಗೆ ಬಂತು. ಹೀಗಾಗಿ 2021ರ ನಂತರ ನಮ್ಮ ಕಡೆ ಒಂದು ಹೊಸ ಜಾತಿಯ ಅಭಿಮಾನಿ ಹುಟ್ಟಿದ: ಗೆದ್ದರೆ ಹೆದರುವವನು. ಶುರುವಲ್ಲೇ ಹೇಳ್ಬೇಡ್ರಪ್ಪ, ದೃಷ್ಟಿ ಆಗ್ತದೆ ಅನ್ನುವವನು. 2024ರಲ್ಲಿ ಮೊದಲ ಎಂಟರಲ್ಲಿ ಏಳು ಸೋತಾಗ ಅವನೇ ನೆಮ್ಮದಿಯಾಗಿದ್ದ. ಆಮೇಲೆ ಸತತ ಆರು ಗೆದ್ದು ಪ್ಲೇಆಫ್ ಮುಟ್ಟಿದಾಗ ಅವನಿಗೆ ನಿದ್ದೆ ಇಲ್ಲ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇವೆ. ಹಿರಿಯೂರು ತಾಲ್ಲೂಕಿನವರಿಗೆ ಕಾಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಮಾರಿಕಣಿವೆಯ ವಾಣಿವಿಲಾಸ ಸಾಗರ ಕಟ್ಟಿ ಮುಗಿಸಿದ್ದು 1907ರಲ್ಲಿ. ಅದು ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್ ಬರಬೇಕಾಯಿತು, 89 ವರ್ಷ. ನಡುವೆ ಎಷ್ಟೋ ಬರ ಬಂದವು, ಕೆರೆಯ ತಳ ಕಂಡಿತು, ತೆಂಗಿನ ತೋಟಗಳು ಒಣಗಿದವು. ಆದರೆ ಆ 89 ವರ್ಷ ಜನ ಸುಮ್ಮನೆ ಕೂತಿರಲಿಲ್ಲ. ಪ್ರತಿ ಮುಂಗಾರು ಶುರುವಾದಾಗ ಒಂದೇ ಪ್ರಶ್ನೆ: ಇವತ್ತು ಎಷ್ಟು ಅಡಿ? ಅರ್ಧ ಅಡಿ ಏರಿದರೂ ಪೇಪರಿನಲ್ಲಿ ಸುದ್ದಿ. 130 ಅಡಿ ಆಗುವುದಿಲ್ಲ ಅಂತ ಗೊತ್ತಿದ್ದರೂ, ಏರಿದ ಅರ್ಧ ಅಡಿಯ ಖುಷಿ ಸುಳ್ಳಾಗುತ್ತಿರಲಿಲ್ಲ. ನಮ್ಮ ಜವನಗೊಂಡನಹಳ್ಳಿ ಹೋಬಳಿಯವರಂತೂ ಪಕ್ಕದ ಊರಿನ ನೀರಿನ ಮಟ್ಟ ಕೇಳಿ ಖುಷಿಪಟ್ಟು, ನಮ್ಮ ಗಾಯತ್ರಿ ಜಲಾಶಯಕ್ಕೆ ಯಾವಾಗ ಅಂತ ನಿಟ್ಟುಸಿರು ಬಿಟ್ಟವರು. ಭದ್ರೆಯ ನೀರು ಬರತೊಡಗಿದ ಮೇಲೆ ಮಾರಿಕಣಿವೆ 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಬಿತ್ತು, ಒಟ್ಟು ಮೂರನೆಯ ಸಲ. ಕೋಡಿ ಬಿದ್ದ ವರ್ಷ ಕಪ್ಪೂ ಬರುತ್ತದೆ ಅಂತ ಫೆಬ್ರವರಿಯಲ್ಲೇ ಹೇಳಿದವರು ಇದ್ದರು. ಅವರೇ 2022ರಲ್ಲೂ ಹಾಗೇ ಹೇಳಿದ್ದರು ಎಂಬುದು ಬೇರೆ ಮಾತು.

ಇದನ್ನು ಯಾಕೆ ಹೇಳಿದೆವೆಂದರೆ, ಏರುವುದನ್ನು ದಿನಾ ನೋಡಿದವರಿಗೆ ಮಾತ್ರ ಕೋಡಿ ಬಿದ್ದಾಗ ಕಣ್ಣು ತುಂಬುವುದು. ಇದಕ್ಕೆ ವಿರುದ್ಧದ ಉದಾಹರಣೆ ಕರ್ನಾಟಕದಲ್ಲೇ ಇದೆ. 2023ರ ಮಾರ್ಚ್ 4ರಂದು ಕರ್ನಾಟಕದ ಫುಟ್‌ಬಾಲ್ ತಂಡ ಸಂತೋಷ್ ಟ್ರೋಫಿ ಗೆದ್ದಿತು. ರಾಜ್ಯ ತಂಡಗಳ ನಡುವಿನ ಅತಿ ಹಳೆಯ, ದೊಡ್ಡ ಟೂರ್ನಿ ಅದು. ಹಿಂದಿನ ಸಲ ಗೆದ್ದದ್ದು 1968-69ರಲ್ಲಿ, ಆಗ ನಮ್ಮ ರಾಜ್ಯದ ಹೆಸರು ಮೈಸೂರು. ಅಂದರೆ ಆರ್‌ಸಿಬಿಯ ಮೂರು ಪಟ್ಟು ಕಾಯುವಿಕೆ, 54 ವರ್ಷ. ಫೈನಲ್ ನಡೆದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಮೇಘಾಲಯದ ಎದುರು, 3–2. ಒಂದು ಕಾಲಕ್ಕೆ ಬೆಂಗಳೂರಿನ ಫುಟ್‌ಬಾಲ್ ಅಂದರೆ ಸಾಮಾನ್ಯದ್ದಲ್ಲ. 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ಎಂಬ ನಮ್ಮ ಕ್ಲಬ್ಬು ಮುಂಬೈಗೆ ಹೋಗಿ, ಬ್ರಿಟಿಷ್ ಸೈನ್ಯದ ತಂಡಗಳ ಸ್ವತ್ತಾಗಿದ್ದ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡವಾಯಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲ್ ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅಂಥ ಪರಂಪರೆಯ ತಂಡ 54 ವರ್ಷದ ಮೇಲೆ ಗೆದ್ದಾಗ ನಮ್ಮ ಹೋಬಳಿಯಲ್ಲಿ ಒಂದು ಪಟಾಕಿಯೂ ಸಿಡಿಯಲಿಲ್ಲ. ಜನರ ತಪ್ಪಲ್ಲ. ಆ ಸೀಸನ್ ಶುರುವಾದದ್ದೇ ಯಾರಿಗೂ ಗೊತ್ತಿರಲಿಲ್ಲ.

ಆರ್‌ಸಿಬಿಯ ವಿಚಾರದಲ್ಲಿ ಮೊದಲು ಕೋಡಿ ಬೀಳಿಸಿದವರು ಹೆಣ್ಣುಮಕ್ಕಳು. 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಶುರುವಾದಾಗ ಸ್ಮೃತಿ ಮಂಧಾನ ತಂಡ ಮೊದಲ ಐದೂ ಮ್ಯಾಚ್ ಸೋತಿತು. ಹೆಸರಿನ ದೋಷ ಅಂತ ಜನ ನಕ್ಕರು. ಮರುವರ್ಷ ಬೆಂಗಳೂರಿನಲ್ಲೇ ಮೊದಲ ಎರಡು ಮ್ಯಾಚ್ ಗೆದ್ದು ಶುರು ಮಾಡಿದರು. 2024ರ ಮಾರ್ಚ್ 17ರಂದು ದೆಹಲಿಯನ್ನು ಅವರದೇ ಊರಲ್ಲಿ 113ಕ್ಕೆ ಕೆಡವಿ ಕಪ್ ಎತ್ತಿದರು. ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ ನಾಲ್ಕು ವಿಕೆಟ್ ತೆಗೆದಳು. ಕಪ್ ನಮ್ದೇ ಎನ್ನುವುದು ಹೋಗಿ ಈಗ ಕಪ್ ನಮ್ದು ಆಯಿತು ಅಂತ ಸ್ಮೃತಿ ಹೇಳಿದ್ದು ಎಲ್ಲರ ಫೋನಿಗೂ ಬಂತು. ಎರಡು ದಿನದ ಮೇಲೆ ತಂಡದ ಹೆಸರಿನಲ್ಲಿದ್ದ ಬ್ಯಾಂಗಲೋರ್ ಹೋಗಿ ಬೆಂಗಳೂರು ಆಯಿತು. ಹದಿನಾರು ವರ್ಷ ಗಂಡಸರು ಆಡಿ ಆಗದ್ದನ್ನು ಎರಡೇ ವರ್ಷದಲ್ಲಿ ಮಾಡಿ ತೋರಿಸಿದ ಈ ಹುಡುಗಿಯರ ಹೆಸರಿನ ಟೀಶರ್ಟ್ ಮಾತ್ರ ಸಂತೆಯಲ್ಲಿ ಇನ್ನೂ ಕಂಡಿಲ್ಲ.

ಇನ್ನು 2025. ಹಿಂದಿನ ನವೆಂಬರ್‌ನಲ್ಲಿ ಹರಾಜು ನಡೆದಾಗ ನಮ್ಮವರು ಬೈದದ್ದೇ ಬೈದದ್ದು. ಸಿರಾಜ್‌ನನ್ನು ಬಿಟ್ಟರು. ಕೆ.ಎಲ್. ರಾಹುಲ್ ಬರುತ್ತಾನೆ ಅಂತ ಆಸೆಯಿಂದ ಕಾದರೆ ದೆಹಲಿಗೆ ಹೋಗಲು ಬಿಟ್ಟರು. ದೊಡ್ಡ ಹೆಸರಿಗೆ ದುಡ್ಡು ಸುರಿಯುವ ಬದಲು ಹೇಜಲ್‌ವುಡ್, ಭುವನೇಶ್ವರ್, ಕೃನಾಲ್ ಪಾಂಡ್ಯ ಅಂತ ಬೌಲಿಂಗ್ ಜೋಡಿಸಿದರು. ನಾಯಕ ರಜತ್ ಪಾಟೀದಾರ್. ಆ ಹರಾಜಿನ ಬುದ್ಧಿ ನಮಗೆ ಅರ್ಥವಾಗಿದ್ದು ಸೀಸನ್ ಶುರುವಾದ ಮೇಲೆ.

ಮಾರ್ಚ್ 22. ಮತ್ತೆ ಕೋಲ್ಕತ್ತ, ಮತ್ತೆ ಮೊದಲ ಮ್ಯಾಚ್. 2008ರ ಗಾಯ, 49ರ ಗಾಯ ಎರಡೂ ಅಲ್ಲೇ ಇದ್ದವು. ಕೋಲ್ಕತ್ತ ಹತ್ತು ಓವರಿಗೆ ನೂರು ದಾಟಿತ್ತು, ಕೃನಾಲ್ ಮೂರು ವಿಕೆಟ್ ಕಿತ್ತು 174ಕ್ಕೆ ಕಟ್ಟಿಹಾಕಿದ. ಸಾಲ್ಟ್ 56, ಕೊಹ್ಲಿ ಔಟಾಗದೆ 59. ಇನ್ನೂ 22 ಬಾಲು ಇರುವಾಗಲೇ ಮುಗಿಸಿದರು. ಸರಿ, ಒಂದು ಗೆಲುವು ತಾನೇ, ಅಂದುಕೊಂಡೆವು.

ಮಾರ್ಚ್ 28, ಚೆನ್ನೈನ ಚೆಪಾಕ್. ಇಲ್ಲಿ ಚೆನ್ನೈ ತಂಡದ ಎದುರು ಆರ್‌ಸಿಬಿ ಅದುವರೆಗೆ ಗೆದ್ದಿದ್ದು ಒಂದೇ ಸಲ, 2008ರಲ್ಲಿ. ಆ ವರ್ಷ ಹುಟ್ಟಿದ ಮಗು ಈಗ ಪಿಯುಸಿ ಓದುತ್ತಿರುತ್ತದೆ. 196 ಹೊಡೆದು, ಚೆನ್ನೈಯನ್ನು 146ಕ್ಕೆ ನಿಲ್ಲಿಸಿ, 50 ರನ್‌ಗಳಿಂದ ಗೆದ್ದರು. ಆ ರಾತ್ರಿ ನಮ್ಮ ಊರುಗಳಲ್ಲಿ ಆದ ಗಲಾಟೆ ಜೂನ್ 3ರ ಗಲಾಟೆಗಿಂತ ಕಮ್ಮಿ ಏನಿರಲಿಲ್ಲ. ಎರಡೇ ದಿನಕ್ಕೆ ಯುಗಾದಿ. ಬೇವು ಬೆಲ್ಲ ತಿನ್ನುವಾಗಲೂ ಅದೇ ಮಾತು. 299 ರೂಪಾಯಿ ರೀಚಾರ್ಜ್ ಮಾಡಿಸಿದರೆ ಮ್ಯಾಚ್ ಫ್ರೀ ಅಂತ ಇದ್ದದ್ದರಿಂದ ರೀಚಾರ್ಜ್ ಅಂಗಡಿಯವರಿಗೂ ಹಬ್ಬ.

ಏಪ್ರಿಲ್ 2ರಂದು ಬೆಂಗಳೂರಿಗೆ ಬಂದರು, ಸೋತರು. ಸೋಲಿಸಿದ್ದು ಗುಜರಾತ್, ಮೂರು ವಿಕೆಟ್ ತೆಗೆದದ್ದು ನಾವು ಬಿಟ್ಟುಕೊಟ್ಟ ಅದೇ ಸಿರಾಜ್. ಗೆದ್ದರೆ ಹೆದರುವ ಅಭಿಮಾನಿ ಆ ದಿನ ತಲೆ ಎತ್ತಿ ಓಡಾಡಿದ. 7ರಂದು ಮುಂಬೈನ ವಾಂಖೆಡೆಯಲ್ಲಿ 221 ಹೊಡೆದು 12 ರನ್‌ಗಳಿಂದ ಗೆಲುವು, ಅಲ್ಲಿ ಹತ್ತು ವರ್ಷದ ಮೇಲೆ. 10ರಂದು ಮತ್ತೆ ಚಿನ್ನಸ್ವಾಮಿ. ಈ ಸಲ ನಾವು ಕೊಳ್ಳದೆ ಬಿಟ್ಟ ಕೆ.ಎಲ್. ರಾಹುಲ್ 93 ಹೊಡೆದು ದೆಹಲಿಯನ್ನು ಗೆಲ್ಲಿಸಿದ. ಗೆದ್ದ ಮೇಲೆ ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು, ನಡುವೆ ಬ್ಯಾಟ್ ಊರಿ, ಎದೆ ತಟ್ಟಿ ಇದು ನನ್ನ ಜಾಗ ಅಂದ. ಕಾಂತಾರ ಸಿನಿಮಾದ ನೆನಪಿನಲ್ಲಿ ಮಾಡಿದ್ದಂತೆ. ಏನು ಮಾಡಬೇಕು ನಾವು? ತಂಡ ಸೋತಿದೆ, ಸೋಲಿಸಿದವನು ನಮ್ಮ ಹುಡುಗ, ಅವನು ಹೇಳಿದ್ದು ನಿಜ. ಆ ರಾತ್ರಿ ಅರ್ಧ ಸ್ಟೇಟಸ್‌ಗಳಲ್ಲಿ ಬೈಗುಳ, ಇನ್ನರ್ಧದಲ್ಲಿ ರಾಹುಲನ ಫೋಟೊ. ಕೆಲವರು ಎರಡನ್ನೂ ಹಾಕಿದರು.

13ರಂದು ಜೈಪುರದಲ್ಲಿ ಒಂಬತ್ತು ವಿಕೆಟ್‌ಗಳ ಗೆಲುವು. 18ರಂದು ಮಳೆಯ ದೆಸೆಯಿಂದ 14 ಓವರಿಗೆ ಇಳಿದ ಮ್ಯಾಚ್‌ನಲ್ಲಿ ಪಂಜಾಬ್ ಎದುರು ಮನೆಯಂಗಳದಲ್ಲಿ ಮತ್ತೊಂದು ಸೋಲು. ಹೀಗೆ ನಾಲ್ಕು, ಮೂರು.

ಅಂಕದ ಲೆಕ್ಕದಲ್ಲಿ 2021ರ ಶುರುವಾತೇ ಮೇಲು. ಆದರೆ 2025ರದ್ದು ಬೇರೆ ಅಂತ ನಮಗೆ ಆಗಲೇ ಅನ್ನಿಸಿತ್ತು. ಹಳೆಯ ಒಳ್ಳೆಯ ಶುರುವಾತುಗಳೆಲ್ಲ ಒಬ್ಬನ ಹೆಗಲ ಮೇಲಿದ್ದವು: ಕುಂಬ್ಳೆಯ ಒಂದು ಸ್ಪೆಲ್, ಗೇಲ್‌ನ ಒಂದು ತಿಂಗಳು, ಹರ್ಷಲ್ ಮತ್ತು ಪಡಿಕ್ಕಲ್‌ರ ಎರಡು ವಾರ. ಈ ಸಲ ಒಂದು ದಿನ ಕೃನಾಲ್, ಇನ್ನೊಂದು ದಿನ ಪಾಟೀದಾರ್, ಮತ್ತೊಂದು ದಿನ ಸಾಲ್ಟ್. ಸೋತ ಹಳೆಯ ಊರುಗಳಿಗೇ ಹೋಗಿ ಗೆದ್ದು ಬರುತ್ತಿದ್ದರು. ಹಳೆಯ ಸಾಲಗಳನ್ನು ಒಂದೊಂದೇ ತೀರಿಸಿದ ಹಾಗೆ. ಏಪ್ರಿಲ್ 24ರಂದು ಚಿನ್ನಸ್ವಾಮಿಯಲ್ಲೂ ಕೊನೆಗೆ ಗೆದ್ದರು, ರಾಜಸ್ಥಾನದ ಎದುರು 11 ರನ್‌ಗಳಿಂದ, ಹೇಜಲ್‌ವುಡ್‌ಗೆ ನಾಲ್ಕು ವಿಕೆಟ್. ಲೀಗ್ ಮುಗಿಯುವಾಗ ಬೆಂಗಳೂರಿನಾಚೆ ಎದುರಾಳಿಗಳ ಮೈದಾನದಲ್ಲಿ ಆಡಿದ ಏಳಕ್ಕೆ ಏಳೂ ಗೆಲುವು. ಐಪಿಎಲ್‌ನಲ್ಲಿ ಅದನ್ನು ಅದುವರೆಗೆ ಯಾವ ತಂಡವೂ ಮಾಡಿರಲಿಲ್ಲ.

ಮುಂದಿನದು ನಿಮಗೆ ಗೊತ್ತು, ಬೇಗ ಹೇಳಿಬಿಡುತ್ತೇವೆ. ಮೇ 9ಕ್ಕೆ ಗಡಿಯ ಸಂಘರ್ಷದಿಂದ ಆಟ ನಿಂತಿತು, 17ಕ್ಕೆ ಮತ್ತೆ ಶುರುವಾಗಬೇಕಿದ್ದ ಬೆಂಗಳೂರಿನ ಮ್ಯಾಚ್ ಮಳೆಗೆ ಹೋಯಿತು. 27ರಂದು ಲಖನೌದಲ್ಲಿ ಜಿತೇಶ್ ಶರ್ಮಾ 33 ಬಾಲಿಗೆ 85 ಹೊಡೆದು 228ರ ಗುರಿ ದಾಟಿಸಿದ. 29ರಂದು ಪಂಜಾಬನ್ನು 101ಕ್ಕೆ ಉರುಳಿಸಿದರು. ಜೂನ್ 3, ಅಹಮದಾಬಾದ್, ಅದೇ ಪಂಜಾಬ್. ನಮ್ಮದು 190, ಅವರದು 184. ಗೆಲುವು ಆರು ರನ್‌ಗಳಿಂದ, 2009ರಲ್ಲಿ ಸೋತಷ್ಟೇ. ಹದಿನೆಂಟನೆಯ ಸೀಸನ್, ಕೊಹ್ಲಿಯ ಜರ್ಸಿ ನಂಬರ್ ಹದಿನೆಂಟು, 3-6-2025ರ ಅಂಕಿ ಕೂಡಿದರೂ ಹದಿನೆಂಟು ಅಂತ ಊರಿನ ಪಂಚಾಂಗದವರಿಗಿಂತ ಮುಂಚೆ ಹುಡುಗರು ಲೆಕ್ಕ ಹಾಕಿದ್ದರು.

ಜೂನ್ 4ರ ಮಧ್ಯಾಹ್ನ ತಂಡ ಬೆಂಗಳೂರಿಗೆ ಬಂತು. ಸುಮಾರು 35 ಸಾವಿರ ಜನ ಹಿಡಿಸುವ ಚಿನ್ನಸ್ವಾಮಿ ಮೈದಾನದ ಸುತ್ತ ಲಕ್ಷಾಂತರ ಜನ ಸೇರಿದ್ದರು. ಗೇಟುಗಳ ಬಳಿ ನೂಕುನುಗ್ಗಲಾಗಿ 11 ಮಂದಿ ಸತ್ತರು, 50ಕ್ಕೂ ಹೆಚ್ಚು ಜನ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಹದಿಹರೆಯದವರು, ಇಪ್ಪತ್ತರ ಆಸುಪಾಸಿನವರು. ಅವರಲ್ಲಿ ಕೆಲವರಿಗೆ ಆರ್‌ಸಿಬಿಯಷ್ಟೂ ವಯಸ್ಸಾಗಿರಲಿಲ್ಲ. ಆ ದಿನ ನಮ್ಮ ಕಡೆಯಿಂದ ಬೆಂಗಳೂರಿಗೆ ಹೋಗಿ ಓದುತ್ತಿದ್ದ, ಕೆಲಸ ಮಾಡುತ್ತಿದ್ದ ಮಕ್ಕಳ ಮನೆಗಳಲ್ಲಿ ಸಂಜೆಯಿಂದ ರಾತ್ರಿವರೆಗೆ ಫೋನ್ ಹಚ್ಚುತ್ತಲೇ ಇದ್ದರು. ಎಲ್ಲಿದ್ದೀಯಪ್ಪ, ಅಲ್ಲಿಗೆ ಹೋಗಿಲ್ಲ ತಾನೇ. ಹಿಂದಿನ ರಾತ್ರಿ ಪಟಾಕಿ ಹೊಡೆದ ಬೀದಿಯಲ್ಲೇ ಪಟಾಕಿಯ ಕಾಗದ ಇನ್ನೂ ಗುಡಿಸಿರಲಿಲ್ಲ.

ತನಿಖೆಗಳಾದವು, ಆಯೋಗ ಕೂತಿತು, ಕೋರ್ಟಿಗೆ ಹೋಯಿತು. ಚಿನ್ನಸ್ವಾಮಿಯಲ್ಲಿ ಆಟ ನಿಂತಿತು. ಆಗಸ್ಟ್‌ನಲ್ಲಿ ನಡೆಯುವ ಮಹಾರಾಜ ಟ್ರೋಫಿಯನ್ನು ಮೈಸೂರಿಗೆ ಒಯ್ದರು. ಅದೇ ವರ್ಷ ಭಾರತದಲ್ಲಿ ಮಹಿಳೆಯರ ವಿಶ್ವಕಪ್ ಇತ್ತು, ಬೆಂಗಳೂರಿಗೆ ಹಂಚಿದ್ದ ಮ್ಯಾಚ್‌ಗಳನ್ನೆಲ್ಲ ಬೇರೆಡೆಗೆ ಕೊಟ್ಟರು. ಸ್ಮೃತಿ ಮಂಧಾನ ಆಡಿದ ಆ ವಿಶ್ವಕಪ್ಪನ್ನು ಭಾರತ ನವೆಂಬರ್ 2ರಂದು ನವಿ ಮುಂಬೈನಲ್ಲಿ ಗೆದ್ದಿತು, ಮೊಟ್ಟಮೊದಲ ಸಲ. ಅದರ ಮೊದಲ ಮ್ಯಾಚ್ ಸೆಪ್ಟೆಂಬರ್ 30ರಂದು ಚಿನ್ನಸ್ವಾಮಿಯಲ್ಲಿ ಶುರುವಾಗಬೇಕಿತ್ತು. ಶುರುವಾದದ್ದು ಗುವಾಹಟಿಯಲ್ಲಿ.